ಟೆಲಿಫೋನಿಗೆ 150, ಕಿತ್ತೂರಿನ ಎಕ್ಸ್‌ಚೇಂಜಿಗೆ 40: ಲೈಬ್ರರಿ ಬೋರ್ಡಿಗೆ ಯಾವ ದಿನಗಳನ್ನು ಬರೆಯೋಣ?

ಸುಂಟಿಕೊಪ್ಪದ ಓದುಗ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಲೈಬ್ರರಿ ಬಾಗಿಲ ಪಕ್ಕ ಒಂದು ಕರಿಹಲಗೆ ಇದೆ. ಪೇಪರ್ ಓದೋಕೆ ಬರುವವರು, ಬಸ್ಸಿಗೆ ಕಾಯುವ ಮಕ್ಕಳು ಎಲ್ಲರೂ ಅದನ್ನು ನೋಡಿಯೇ ನೋಡುತ್ತಾರೆ. ಈ ವರ್ಷ ತಿಂಗಳಿಗೊಮ್ಮೆ ಅದರ ಮೇಲೆ ಕಂಪ್ಯೂಟರ್, ಫೋನ್, ಇಂಟರ್ನೆಟ್ ಇವುಗಳ ಇತಿಹಾಸದ ಒಂದು ದಿನವನ್ನು ಬರೆಯೋಣ ಅಂತ ನಾವು ಕೆಲವರು ಮಾತಾಡಿಕೊಂಡಿದ್ದೇವೆ.

2026 ಇದಕ್ಕೆ ಹೇಳಿ ಮಾಡಿಸಿದ ವರ್ಷ. ಫೆಬ್ರವರಿ 14ಕ್ಕೆ ಅಮೆರಿಕದ ಎನಿಯಾಕ್ ಅನ್ನುವ ಕಂಪ್ಯೂಟರಿನ ಸುದ್ದಿ ಲೋಕಕ್ಕೆ ತಿಳಿದು 80 ವರ್ಷ. ಸುಮಾರು 18,000 ವಾಲ್ವ್ (ಬಲ್ಬಿನಂಥ ಗಾಜಿನ ಕೊಳವೆ), 30 ಟನ್ ತೂಕದ ಯಂತ್ರ ಅದು. ಮಾರ್ಚ್ 10ಕ್ಕೆ ಗ್ರಹಾಂ ಬೆಲ್ ತನ್ನ ಸಹಾಯಕ ವಾಟ್ಸನ್‌ನನ್ನು ಟೆಲಿಫೋನಿನಲ್ಲಿ ಕರೆದು 150 ವರ್ಷ. ಏಪ್ರಿಲ್ 1ಕ್ಕೆ ಆಪಲ್ ಕಂಪನಿಗೆ 50. ಆಗಸ್ಟ್ 6ಕ್ಕೆ ಟಿಮ್ ಬರ್ನರ್ಸ್ ಲೀ ವೆಬ್ ಬಗ್ಗೆ ಎಲ್ಲರಿಗೂ ತಿಳಿಸಿ 35. ನವೆಂಬರ್ 15ಕ್ಕೆ ಮೈಕ್ರೊಪ್ರೊಸೆಸರ್, ಅಂದರೆ ಕಂಪ್ಯೂಟರಿನ ಮಿದುಳನ್ನು ಒಂದೇ ತುಂಡಿನಲ್ಲಿ ಹಿಡಿಸಿದ ಇಂಟೆಲ್ 4004 ಚಿಪ್‌ಗೆ 55.

ಪಟ್ಟಿ ಬರೆದು ಮುಗಿಸಿದ ಮೇಲೆ ಒಂದು ವಿಷಯ ಮನಸ್ಸಿಗೆ ಹಿಡಿಸಲಿಲ್ಲ. ಎಲ್ಲ ದಿನಗಳೂ ಅಮೆರಿಕದ್ದು, ಯೂರೋಪಿನದ್ದು. ಓದುವ ಮಗು "ಇದೆಲ್ಲ ಬೇರೆ ಯಾರದ್ದೋ ಕತೆ" ಅಂದುಕೊಂಡು ಬಸ್ಸು ಹತ್ತಿ ಹೋಗಬಾರದು. ಹಾಗಾಗಿ ನನ್ನ ಯೋಚನೆ ಇದು: ಒಂದು ವಸ್ತು ಹುಟ್ಟಿದ ದಿನದ ಪಕ್ಕದಲ್ಲೇ ಅದು ನಮ್ಮ ಕೈಗೆ ಬಂದ ದಿನವನ್ನೂ ಬರೆಯಬೇಕು. ಎರಡನೆಯದು ಪುಸ್ತಕದಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಅದಕ್ಕೇ ನಿಮ್ಮನ್ನೆಲ್ಲ ಕೇಳುತ್ತಿದ್ದೇನೆ.

ನಿವೃತ್ತ ಟೆಲಿಫೋನ್, ವಿರಾಜಪೇಟೆ

ಒಳ್ಳೆ ಕೆಲಸ ಕೈಗೆತ್ತಿಕೊಂಡಿದ್ದೀರಿ. ಟೆಲಿಫೋನ್ ವಿಷಯ ಬಂದಿದ್ದರಿಂದ ನಾನು ಬರೆಯಲೇಬೇಕು.

ಬೆಲ್ ಕರೆ ಮಾಡಿದ್ದು 1876ರಲ್ಲಿ. ಆರೇ ವರ್ಷಕ್ಕೆ, 1882ರ ಜನವರಿ 28ಕ್ಕೆ, ಕಲ್ಕತ್ತಾ, ಬೊಂಬಾಯಿ, ಮದ್ರಾಸಿನಲ್ಲಿ ಎಕ್ಸ್‌ಚೇಂಜ್ ಶುರುವಾಯಿತು. ಅಂದರೆ ದೊಡ್ಡ ಊರುಗಳಿಗೆ ಬರೋಕೆ ತಡ ಆಗಲೇ ಇಲ್ಲ. ತಡ ಆಗಿದ್ದು ಹಳ್ಳಿಗೆ. ನನ್ನನ್ನು ಕೇಳಿದರೆ ನಿಮ್ಮ ಪಟ್ಟಿಯಲ್ಲಿ ಮೊದಲು ಬರಬೇಕಾದ್ದು 1986ರ ಜುಲೈ. ಆ ತಿಂಗಳು ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ, ಟೆಲಿಫೋನ್ ತಂತ್ರಜ್ಞಾನದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡಾಟ್‌ನವರ ಮೊದಲ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜ್ ಕೆಲಸ ಶುರು ಮಾಡಿತು. ನಾವು ಅದನ್ನು ರಾಕ್ಸ್ ಅನ್ನುತ್ತಿದ್ದೆವು. ಈ ಜುಲೈಗೆ ಅದಕ್ಕೆ 40 ವರ್ಷ.

ಅದರ ಬೆಲೆ ಗೊತ್ತಾಗಬೇಕಾದರೆ ಅದಕ್ಕೆ ಮೊದಲು ಏನಿತ್ತು ಅಂತ ತಿಳಿದಿರಬೇಕು. ಸಣ್ಣ ಊರುಗಳಲ್ಲಿ ಹಿಡಿ ತಿರುಗಿಸುವ ಫೋನು. ನೀವು ಮನೆಯಲ್ಲಿ ಹಿಡಿ ತಿರುಗಿಸಿದರೆ ಎಕ್ಸ್‌ಚೇಂಜಿನ ಬೋರ್ಡಿನಲ್ಲಿ ನಿಮ್ಮ ನಂಬರಿನ ಮೇಲಿನ ಪುಟ್ಟ ಮುಚ್ಚಳ ಟಪ್ ಅಂತ ಕೆಳಗೆ ಬೀಳುತ್ತಿತ್ತು. ಆಪರೇಟರು ಆ ತೂತಿಗೆ ಪ್ಲಗ್ ಚುಚ್ಚಿ "ನಂಬರ್ ಪ್ಲೀಸ್" ಅನ್ನಬೇಕು. ಇನ್ನೊಂದು ಪ್ಲಗ್ ತೆಗೆದುಕೊಂಡು ನೀವು ಕೇಳಿದ ನಂಬರಿಗೆ ಚುಚ್ಚಬೇಕು. ಮಾತು ಮುಗಿದ ಮೇಲೆ ಎರಡನ್ನೂ ಕಿತ್ತು ಮುಚ್ಚಳ ಎತ್ತಿಡಬೇಕು. ಬೆಂಗಳೂರಿಗಾದರೆ ಟ್ರಂಕ್ ಕಾಲ್ ಬುಕ್ ಮಾಡಬೇಕು: ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಮೂರು ದರ. ಆರ್ಡಿನರಿ ಬುಕ್ ಮಾಡಿದವರು ಬೆಳಿಗ್ಗೆ ಬುಕ್ ಮಾಡಿ ಸಂಜೆ ತನಕ ಫೋನಿನ ಹತ್ತಿರವೇ ಕೂತಿರುತ್ತಿದ್ದರು.

ಹೊರದೇಶದ ದೊಡ್ಡ ಎಕ್ಸ್‌ಚೇಂಜುಗಳಿಗೆ ಎಸಿ ರೂಮು ಬೇಕು. ಸಣ್ಣ ಊರಿನಲ್ಲಿ ಎಸಿ ಎಲ್ಲಿಂದ ತರೋದು, ಅದಕ್ಕೆ ಕರೆಂಟು ಎಲ್ಲಿಂದ ತರೋದು? ಸಿ-ಡಾಟ್ ಶುರುವಾಗಿದ್ದು 1984ರ ಆಗಸ್ಟಿನಲ್ಲಿ. 36 ತಿಂಗಳು, 36 ಕೋಟಿ ರೂಪಾಯಿ ಅಂತ ಲೆಕ್ಕ ಹಾಕಿಕೊಂಡು ಹೊರಟವರು. ಅದನ್ನು ಕಟ್ಟಿದ ಸ್ಯಾಮ್ ಪಿತ್ರೋಡಾ ಹೆಸರು ಎಲ್ಲರಿಗೂ ಗೊತ್ತು. ಆದರೆ ದೆಹಲಿ, ಬೆಂಗಳೂರಿನ ಲ್ಯಾಬುಗಳಲ್ಲಿ ಕೂತು ಕೆಲಸ ಮಾಡಿದವರು ಹೆಚ್ಚಾಗಿ ಆಗತಾನೇ ಕಾಲೇಜು ಮುಗಿಸಿದ ಹುಡುಗ ಹುಡುಗಿಯರು. ಎಸಿ ಇಲ್ಲದೆ, ನಮ್ಮ ಸೆಕೆ, ಧೂಳಿನಲ್ಲೂ ಓಡುವ ಹಾಗೆ ಅದನ್ನು ಮಾಡಿದರು. ರಾಕ್ಸ್ ಅಂದರೆ ಅದೂ ಒಂದು ಕಂಪ್ಯೂಟರೇ. ಒಳಗೆ ಮೈಕ್ರೊಪ್ರೊಸೆಸರ್ ಕೂತು ಯಾರ ಲೈನು ಯಾರಿಗೆ ಅಂತ ನೋಡಿಕೊಳ್ಳುತ್ತದೆ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಜನ ಮುಟ್ಟಿದ ಮೊದಲ ಕಂಪ್ಯೂಟರ್ ಅದೇ. ಅದು ಕಂಪ್ಯೂಟರ್ ಅಂತ ಅವರಿಗೆ ಯಾರೂ ಹೇಳಲಿಲ್ಲ ಅಷ್ಟೆ.

ಕೊಡಗಿನಲ್ಲಿ ಸೆಕೆಗಿಂತ ತೇವದ ಕಾಟ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಜಾಯಿಂಟ್ ಬಿಚ್ಚಿದರೆ ಒಳಗೆ ಹಸಿರು ಕಟ್ಟಿರುತ್ತಿತ್ತು. ಸಿಲ್ವರ್ ಓಕ್ ಕೊಂಬೆ ಬಿದ್ದು ತಂತಿ ಹರಿಯೋದು, ಆನೆ ಕಂಬ ಕೆಡವೋದು ಮಾಮೂಲು. ಎಕ್ಸ್‌ಚೇಂಜ್ ಚೆನ್ನಾಗಿದ್ದರೂ ಲೈನು ಡೆಡ್. ಹೆಗಲಿಗೆ ತಂತಿ ಸುರುಳಿ ಹಾಕಿಕೊಂಡು, ಜಿಗಣೆ ಕಚ್ಚಿಸಿಕೊಂಡು ತೋಟದೊಳಗೆ ನಡೆದ ಲೈನ್‌ಮ್ಯಾನ್‌ಗಳನ್ನು ಬೋರ್ಡಿನಲ್ಲಿ ಮರೆಯಬೇಡಿ.

ಬೆಂಗಳೂರಲ್ಲಿರುವ ಕುಶಾಲನಗರದವ

ಅಂಕಲ್, ಇದನ್ನು ಓದಿ ತುಂಬಾ ಖುಷಿಯಾಯಿತು. ನಾನು ನೆಟ್‌ವರ್ಕ್ ಕೆಲಸದಲ್ಲೇ ಇದ್ದೇನೆ. ಆದರೂ ಕಿತ್ತೂರಿನ ವಿಷಯ ಆಫೀಸಿನಲ್ಲಿ ಯಾರ ಬಾಯಲ್ಲೂ ಕೇಳಿರಲಿಲ್ಲ.

ಓದುಗ ಅಣ್ಣನಿಗೆ ಒಂದು ಮಾತು. ಎನಿಯಾಕ್ ಬಗ್ಗೆ ಬರೆಯುವಾಗ "ಜಗತ್ತಿನ ಮೊದಲ ಕಂಪ್ಯೂಟರ್" ಅಂತ ಬರೆಯಬೇಡಿ. ಜರ್ಮನಿಯಲ್ಲಿ ಕೊನ್ರಾಡ್ ಝೂಸ ತನ್ನ ಝಡ್3 ಯಂತ್ರವನ್ನು 1941ರ ಮೇ 12ರಂದೇ ತೋರಿಸಿದ್ದ. ಅದು ರಿಲೇಗಳ, ಅಂದರೆ ವಿದ್ಯುತ್ತಿನಿಂದ ತಾನಾಗೇ ಆನ್-ಆಫ್ ಆಗುವ ಸ್ವಿಚ್‌ಗಳ ಮೇಲೆ ಓಡುತ್ತಿತ್ತು. ಶತ್ರುಗಳ ಗುಪ್ತ ಸಂದೇಶ ಬಿಡಿಸೋಕೆ ಮಾಡಿದ ಇಂಗ್ಲೆಂಡಿನ ಕೊಲೊಸಸ್ ಯಂತ್ರ ಎರಡನೇ ಮಹಾಯುದ್ಧದ ಸಮಯದಲ್ಲೇ ಕೆಲಸ ಮಾಡಿತು. ಗುಟ್ಟಾಗಿ ಇಟ್ಟಿದ್ದರಿಂದ 1970ರ ದಶಕದ ತನಕ ಹೊರಗೆ ಗೊತ್ತಾಗಲಿಲ್ಲ. 1973ರಲ್ಲಿ ಅಮೆರಿಕದ ಕೋರ್ಟೇ ಎನಿಯಾಕ್‌ನ ಪೇಟೆಂಟನ್ನು ರದ್ದು ಮಾಡಿತು. "ಯಾವ ಕೆಲಸಕ್ಕೆ ಬೇಕಾದರೂ ಹೊಂದಿಸಬಹುದಾದ ಮೊದಲ ದೊಡ್ಡ ಎಲೆಕ್ಟ್ರಾನಿಕ್ ಯಂತ್ರ" ಅಂದರೆ ಸರಿ ಹೋಗುತ್ತದೆ.

ಇಂಟರ್ನೆಟ್ ದಿನದ ಬಗ್ಗೆಯೂ ಹೇಳಬೇಕು. 1995ರ ಆಗಸ್ಟ್ 15 ಅಂತ ಎಲ್ಲರೂ ಬರೆಯುತ್ತಾರೆ. ಅವತ್ತು ಸರ್ಕಾರಿ ಕಂಪನಿ ವಿಎಸ್ಎನ್ಎಲ್ ಜನರಿಗೆ ಇಂಟರ್ನೆಟ್ ಕೊಡೋಕೆ ಶುರು ಮಾಡಿದ್ದು ನಿಜ. ಅದಕ್ಕೆ ಮೊದಲೇ, 1986ರಲ್ಲಿ, ವಿದ್ಯಾಸಂಸ್ಥೆಗಳ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಅರ್ನೆಟ್ ಯೋಜನೆ ಶುರುವಾಗಿತ್ತು. ಐದು ಐಐಟಿಗಳ ಜೊತೆ ನಮ್ಮ ಬೆಂಗಳೂರಿನ ಐಐಎಸ್ಸಿಯೂ ಅದರಲ್ಲಿ ಇತ್ತು. ಅದಕ್ಕೂ ಈ ವರ್ಷ 40. ಕಿತ್ತೂರಿನ ರಾಕ್ಸ್ ಮತ್ತು ಅರ್ನೆಟ್ ಒಂದೇ ವರ್ಷದವು ಅನ್ನೋದು ನನಗೂ ಈಗಲೇ ಹೊಳೆದದ್ದು.

ಗಣಿತ ಟೀಚರ್, ಸೋಮವಾರಪೇಟೆ

ಎನಿಯಾಕ್ ಬರೆಯುವುದಾದರೆ ಆ ಆರು ಹೆಣ್ಣುಮಕ್ಕಳ ಹೆಸರು ಬರೆಯದೆ ಬಿಡಬೇಡಿ. ಕೇ ಮೆಕ್‌ನಲ್ಟಿ, ಬೆಟ್ಟಿ ಜೆನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ ಬಿಲಾಸ್, ರೂತ್ ಲಿಕ್ಟರ್‌ಮನ್. ಆಗ ಪ್ರೋಗ್ರಾಮ್ ಬರೆಯುವ ಭಾಷೆಯೇ ಇರಲಿಲ್ಲ. ಕೈಪಿಡಿಯೂ ಇರಲಿಲ್ಲ. ಯಂತ್ರದ ವೈರಿಂಗ್ ನಕ್ಷೆ ಕೊಟ್ಟು ನೀವೇ ಕಲಿತುಕೊಳ್ಳಿ ಅಂದರು. ಅವರು ಕಲಿತರು. ತಂತಿ ಚುಚ್ಚಿ, ಸ್ವಿಚ್ ತಿರುಗಿಸಿ ಲೆಕ್ಕ ಕಟ್ಟಿದರು. ಪ್ರದರ್ಶನದ ದಿನ ಯಂತ್ರ ಒಂದು ಫಿರಂಗಿ ಶೆಲ್ಲಿನ ದಾರಿಯನ್ನು 20 ಸೆಕೆಂಡಿನಲ್ಲಿ ಲೆಕ್ಕ ಹಾಕಿತು. ಶೆಲ್ ನೆಲಕ್ಕೆ ಬೀಳೋಕೆ ಬೇಕಾದ ಸಮಯಕ್ಕಿಂತ ಅದು ಕಡಿಮೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವತ್ತು ರಾತ್ರಿಯ ಔತಣಕ್ಕೆ ಈ ಆರು ಜನರನ್ನು ಕರೆಯಲಿಲ್ಲ. ಆಮೇಲೆ ಎಷ್ಟೋ ವರ್ಷ ಫೋಟೊದಲ್ಲಿ ಯಂತ್ರದ ಪಕ್ಕ ನಿಂತವರು ಯಾರು ಅಂತಲೂ ಜನ ಕೇಳಲಿಲ್ಲ. ನನ್ನ ಕ್ಲಾಸಿನ ಹುಡುಗಿಯರು ಇದನ್ನು ಓದಲೇಬೇಕು ಅಂತ ನನಗೆ ಬಹಳ ಆಸೆ.

ವಿರಾಜಪೇಟೆ ಸರ್ ಹೇಳಿದ ಪ್ಲಗ್ ಬೋರ್ಡಿನ ಮುಂದೆ ಕೂತವರಲ್ಲೂ ಹೆಂಗಸರೇ ಹೆಚ್ಚು ಅಲ್ವಾ? ಎಮ್ಮಾ ನಟ್ ಅನ್ನುವವರು 1878ರ ಸೆಪ್ಟೆಂಬರ್ 1ಕ್ಕೆ ಬಾಸ್ಟನ್ನಿನಲ್ಲಿ ಮೊದಲ ಮಹಿಳಾ ಆಪರೇಟರಾಗಿ ಸೇರಿದರು. ಸೆಪ್ಟೆಂಬರ್ ತಿಂಗಳಿಗೆ ಇದು ಆಗುತ್ತದೆ.

ಜೂನ್‌ಗೆ ಕಂಪ್ಯೂಟರ್ ವಿಜ್ಞಾನಕ್ಕೆ ತಳಹದಿ ಹಾಕಿದ ಗಣಿತಜ್ಞ ಅಲನ್ ಟ್ಯೂರಿಂಗ್. ಹುಟ್ಟಿದ್ದು 1912ರ ಜೂನ್ 23, ಲಂಡನ್ನಿನಲ್ಲಿ. ಆದರೆ ಅವರ ತಾಯಿ ಎಥೆಲ್ ಸಾರಾ ಸ್ಟೋನಿ ಹುಟ್ಟಿದ್ದು ಕೊಯಮತ್ತೂರಿನ ಹತ್ತಿರದ ಪೋದನೂರಿನಲ್ಲಿ. ತಾಯಿಯ ತಂದೆ ಮದ್ರಾಸ್ ರೈಲ್ವೆಯಲ್ಲಿ ಮುಖ್ಯ ಎಂಜಿನಿಯರು. ಟ್ಯೂರಿಂಗ್‌ನ ತಂದೆಯೂ ಮದ್ರಾಸ್ ಪ್ರಾಂತ್ಯದಲ್ಲಿ ಐಸಿಎಸ್ ಅಧಿಕಾರಿ. ಪೋದನೂರು ನಮ್ಮ ಮಕ್ಕಳಿಗೆ ಮ್ಯಾಪಿನಲ್ಲಿ ಕೈ ಇಟ್ಟು ತೋರಿಸಬಹುದಾದ ಜಾಗ.

ಫೌಜಿ ಮನೆಯ ಮಗಳು, ಪೊನ್ನಂಪೇಟೆ

ಟೆಲಿಫೋನಿಗೆ ಮೊದಲು ತಂತಿ, ಅಂದರೆ ಟೆಲಿಗ್ರಾಂ ಇತ್ತು. ಅದನ್ನು ಯಾರೂ ಹೇಳಲಿಲ್ಲ.

ಕೊಡಗಿನಲ್ಲಿ ಮನೆಗೊಬ್ಬರು ಸೇನೆಯಲ್ಲಿದ್ದ ಕಾಲ ಅದು. ಸೈಕಲ್ ಬೆಲ್ ಕೇಳಿಸಿ ಹೊರಗೆ ನೋಡಿದಾಗ ಪೋಸ್ಟಿನವರ ಕೈಯಲ್ಲಿ ತಂತಿ ಇದೆ ಅಂತ ಗೊತ್ತಾದರೆ ನಮ್ಮಮ್ಮ ಅಲ್ಲೇ ಕೂತುಬಿಡುತ್ತಿದ್ದರು. ಬೇರೆ ಯಾರಾದರೂ ಒಡೆದು ಓದಬೇಕಿತ್ತು. ಓದಿದರೆ ಎಷ್ಟೋ ಸಲ "ರಜೆ ಸಿಕ್ಕಿದೆ, ಹುತ್ತರಿಗೆ ಬರುತ್ತೇನೆ" ಅಂತ ಇರುತ್ತಿತ್ತು. ಊರಿನಿಂದ ಆಚೆಗೂ ತಂತಿ ಹೋಗುತ್ತಿತ್ತು. ತಾಯಿಗೆ ಹುಷಾರಿಲ್ಲ ಅನ್ನುವ ತಂತಿಯನ್ನು ತೋರಿಸಿದರೆ ಅಪ್ಪನಿಗೆ ರಜೆ ಬೇಗ ಸಿಗುತ್ತಿತ್ತು.

ಮದುವೆ, ಹಬ್ಬದ ಶುಭಾಶಯಕ್ಕೆ ನಂಬರ್ ಹಾಕಿದ ಸಿದ್ಧ ವಾಕ್ಯಗಳಿದ್ದವು. ನಾವು ನಂಬರ್ ಬರೆದು ಕೊಟ್ಟರೆ ಸಾಕು, ಆ ಕಡೆ ಪೂರ್ತಿ ವಾಕ್ಯ ಬರೆದು ಕೊಡುತ್ತಿದ್ದರು. ಟೀಚರ್, ಇದೂ ಒಂದು ರೀತಿಯ ಕಂಪ್ಯೂಟರ್ ವಿದ್ಯೆಯೇ ಅಲ್ವಾ?

ಅಮೆರಿಕದಲ್ಲಿ ಮೋರ್ಸ್ ತನ್ನ ಹೆಸರಾಂತ ತಂತಿ ಸಂದೇಶ ಕಳಿಸಿದ್ದು 1844ರ ಮೇ 24. ನಮ್ಮ ದೇಶದಲ್ಲಿ ತಂತಿ ನಿಂತದ್ದು 2013ರ ಜುಲೈ 14ರ ರಾತ್ರಿ. ಒಂದು ವಸ್ತು ಬಂದ ದಿನ ಬರೆಯುತ್ತೀರಿ ಅಂದರೆ, ಹೋದ ದಿನವನ್ನೂ ಬರೆಯಿರಿ. ನಮ್ಮಂಥ ಮನೆಗಳಿಗೆ ಅದು ಸಣ್ಣ ವಿಷಯ ಅಲ್ಲ.

ಗಣಿತ ಟೀಚರ್, ಸೋಮವಾರಪೇಟೆ

ಖಂಡಿತ ಹೌದು, ಅಕ್ಕ. ದೊಡ್ಡ ವಾಕ್ಯಕ್ಕೆ ಬದಲು ಒಂದು ನಂಬರ್ ಕಳಿಸಿ, ಆ ಕಡೆ ಅದೇ ಪಟ್ಟಿ ನೋಡಿ ವಾಕ್ಯವನ್ನು ಮತ್ತೆ ಕಟ್ಟೋದು. ಫೈಲನ್ನು ಚಿಕ್ಕದು ಮಾಡಿ ಕಳಿಸುವಾಗ ಕಂಪ್ಯೂಟರ್ ಮಾಡೋದೂ ಇದನ್ನೇ. ನಾಳೆಯೇ ಕ್ಲಾಸಿನಲ್ಲಿ ಹೇಳುತ್ತೇನೆ.

ಮಳೆ ಪುಸ್ತಕ, ಭಾಗಮಂಡಲ

ನಾನು ಕಾಫಿ ಬೆಳೆಗಾರ. ಕಂಪ್ಯೂಟರ್ ಇತಿಹಾಸ ಹೆಚ್ಚು ಓದಿದವನಲ್ಲ. ಆದರೆ ನನ್ನ ಲೆಕ್ಕದಲ್ಲಿ ನಿಮ್ಮ ಅಕ್ಟೋಬರ್ ತಿಂಗಳಿಗೆ ಒಂದೇ ದಿನ ಇರೋದು: 17. ಕಾವೇರಿ ಸಂಕ್ರಮಣ ಸಾಮಾನ್ಯವಾಗಿ ಬೀಳುವ ದಿನ. 1979ರಲ್ಲಿ ಅದೇ ದಿನ ವಿಸಿಕ್ಯಾಲ್ಕ್ ಮಾರಾಟಕ್ಕೆ ಬಂತು. ಈಗ ನಾವು ಎಕ್ಸೆಲ್ ಅಂತ ಬಳಸುತ್ತೇವಲ್ಲ, ಅದರ ಅಜ್ಜ. ಡ್ಯಾನ್ ಬ್ರಿಕ್ಲಿನ್ ಅನ್ನುವ ವಿದ್ಯಾರ್ಥಿಗೆ ಹಾರ್ವರ್ಡ್‌ನಲ್ಲಿ ಓದುವಾಗ ಈ ಯೋಚನೆ ಬಂತಂತೆ. ಮೇಷ್ಟ್ರು ಕರಿಹಲಗೆ ಮೇಲೆ ದೊಡ್ಡ ಕೋಷ್ಟಕ ಬರೆದು, ಒಂದು ಅಂಕಿ ಬದಲಾಯಿಸಿದರೆ ಅದರ ಮುಂದಿನದ್ದೆಲ್ಲ ಅಳಿಸಿ ಮತ್ತೆ ಬರೆಯಬೇಕಿತ್ತು. ಒಂದು ಅಂಕಿ ತಿದ್ದಿದರೆ ಉಳಿದದ್ದು ತಾನಾಗೇ ಬದಲಾಗಬಾರದೇಕೆ ಅಂತ ಯೋಚಿಸಿ, ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ ಅದನ್ನು ಮಾಡಿದರು.

ನನಗೆ ಇದು ಯಾಕೆ ಮುಖ್ಯ ಅಂತ ಹೇಳುತ್ತೇನೆ. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಮಳೆ ಪುಸ್ತಕ ಇದೆ. ದಿನಾ ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು ಇಂಚು, ಸೆಂಟಿನಲ್ಲಿ ಬರೆಯೋದು. ಒಂದು ಇಂಚಿಗೆ 100 ಸೆಂಟು. "ಹೂಮಳೆ 1 ಇಂಚು 20, ಬ್ಯಾಕಿಂಗ್ 60 ಸೆಂಟು" ಹೀಗೆ. ಹೂಮಳೆ ಅಂದರೆ ಕಾಫಿ ಹೂ ಬಿಡಿಸುವ ಮಳೆ, ಬ್ಯಾಕಿಂಗ್ ಅಂದರೆ ಅದರ ಹಿಂದೆ ಬರಬೇಕಾದ ಮಳೆ. ಆಗಸ್ಟ್ ಪುಟಗಳಲ್ಲಿ ಶಾಯಿ ಹರಡಿ ಅಂಕಿ ಮಸುಕಾಗಿದೆ. ಅಜ್ಜ ಬರೆದದ್ದು, ಅಪ್ಪ ಬರೆದದ್ದು, ನಾನು ಬರೆದದ್ದು ಮೂರೂ ಬೇರೆ ಬೇರೆ ಕೈಬರಹ. ಅದನ್ನೆಲ್ಲ ನನ್ನ ಮಗಳು ಎಕ್ಸೆಲ್‌ಗೆ ಹಾಕಿದಳು. ಆಗ ಕಾಲಂ ಕಾಲಂ ಪಕ್ಕ ಪಕ್ಕ ಬಂತು. ಹೂಮಳೆ ಯಾವ ವರ್ಷ ಬೇಗ ಬಂತು, ಯಾವ ವರ್ಷ ತಡವಾಯಿತು ಅಂತ ಕಣ್ಣಿಗೆ ಕಾಣಿಸಿತು. 2018ರ ಆಗಸ್ಟ್ ಎಷ್ಟು ಬೇರೆ ಥರ ಇತ್ತು ಅಂತ ಆ ಕಾಲಂ ನೋಡಿದರೆ ಯಾರೂ ವಿವರಿಸಬೇಕಾಗಿಲ್ಲ. ಪುಸ್ತಕದಲ್ಲಿ ಎಲ್ಲವೂ ಮೊದಲಿಂದ ಇತ್ತು. ಒಟ್ಟಿಗೆ ನೋಡೋಕೆ ಆಗುತ್ತಿರಲಿಲ್ಲ.

ಕೊಡಗಿನಲ್ಲಿ ಇಂಥ ಪುಸ್ತಕ ಇರುವ ಮನೆಗಳು ಬೇಕಾದಷ್ಟಿವೆ. ಅಟ್ಟದಲ್ಲಿ ಗೆದ್ದಲು ಹಿಡಿಯೋಕೆ ಬಿಡಬೇಡಿ. ಕಡೇಪಕ್ಷ ಫೋಟೊ ಆದರೂ ತೆಗೆದಿಡಿ.

ಅಕ್ಷರಪ್ರೇಮಿ, ಮಡಿಕೇರಿ

ಓದುಗ ಅವರ ಯೋಚನೆಗೆ ನನ್ನ ಹತ್ತಿರ ಒಂದು ಒಳ್ಳೆ ಉದಾಹರಣೆ ಇದೆ. ಕನ್ನಡವೇ.

ಯೂನಿಕೋಡ್‌ನ ಮೊದಲ ಆವೃತ್ತಿ ಬಂದದ್ದು 1991ರ ಅಕ್ಟೋಬರ್. ಯೂನಿಕೋಡ್ ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ, ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಪಟ್ಟಿ. ಅದರಲ್ಲೇ ಕನ್ನಡ ಇತ್ತು, 128 ಜಾಗ ಕೊಟ್ಟಿದ್ದರು. 'ಕ' ಅಕ್ಷರದ ಸಂಖ್ಯೆ 0ಸಿ95. ಈ ಅಕ್ಟೋಬರಿಗೆ 35 ವರ್ಷ. ಆದರೆ ವಿಂಡೋಸ್‌ನಲ್ಲಿ ಕನ್ನಡ ನೆಟ್ಟಗೆ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟ್ ಜೊತೆ. ಆಂಡ್ರಾಯ್ಡ್ ಫೋನಿಗೆ ಬಂದದ್ದು 2012ರ ಜೆಲ್ಲಿಬೀನ್‌ನಲ್ಲಿ. ಅಲ್ಲಿ ತನಕ ಎಷ್ಟೋ ಫೋನುಗಳಲ್ಲಿ ಕನ್ನಡ ಮೆಸೇಜ್ ಬಂದರೆ ಬರೀ ಚೌಕ ಚೌಕ. ಸಂಖ್ಯೆ ಸಿಕ್ಕಿದ ದಿನದಿಂದ ಜೇಬಿನ ಫೋನಿಗೆ ಬರೋಕೆ 21 ವರ್ಷ. ಅಷ್ಟು ವರ್ಷ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರು. ಕೆಲವರಿಗೆ ಅದೇ ರೂಢಿಯಾಗಿ ಈಗಲೂ ಉಳಿದಿದೆ. ಇದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಆ ನಡುವಿನ ವರ್ಷಗಳಲ್ಲಿ ಕೈ ಹಿಡಿದವರು ನಮ್ಮವರೇ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿ ವಾಸು ಅವರ 'ಬರಹ' ತಂತ್ರಾಂಶ, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶ. ನಾನು ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ) ಅಂಗಡಿಯಲ್ಲಿ ಕೆಲಸ ಮಾಡಿದವನು. ಗೋಣಿಕೊಪ್ಪ ಅಂತ ಟೈಪ್ ಮಾಡೋದು ಹೇಗೆ ಅಂದರೆ ಜಿ, ಶಿಫ್ಟ್ ಓ, ಶಿಫ್ಟ್ ಎನ್, ಐ, ಕೆ, ಓ, ಪಿ, ಎಫ್, ಪಿ. ಆ ಎಫ್ ಒತ್ತಿದರೆ ಒತ್ತಕ್ಷರ. ಇವತ್ತಿಗೂ ಬೆರಳು ತಾನಾಗೇ ಅಲ್ಲಿಗೆ ಹೋಗುತ್ತದೆ. ಮದುವೆ ಕಾಗದ, ಪಂಚಾಯಿತಿ ನೋಟಿಸು, ಸಂಘದ ವರದಿ ಎಲ್ಲ ಹೀಗೇ ಹುಟ್ಟಿದವು.

ಹಳೇ ನುಡಿ ಫೈಲುಗಳು ಯೂನಿಕೋಡ್ ಅಲ್ಲ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆಗೆದರೆ ಅರ್ಥವಿಲ್ಲದ ಗುರುತುಗಳು ಕಾಣಿಸುತ್ತವೆ. ಯಾರ ಹತ್ತಿರ ಆ ಕಾಲದ ಫೈಲುಗಳಿದ್ದರೂ ಬಿಸಾಡಬೇಡಿ. ಪರಿವರ್ತಕ ತಂತ್ರಾಂಶದಿಂದ ಬದಲಾಯಿಸಬಹುದು. ನಾನು ಮಾಡಿಕೊಡುತ್ತೇನೆ.

ಶನಿವಾರಸಂತೆಯ ಅಪ್ಪ

ನಿಮ್ಮ "ಕೈಗೆ ಬಂದ ದಿನ" ಎಲ್ಲರಿಗೂ ಒಂದೇ ಅಲ್ಲ ಅನ್ನೋದನ್ನೂ ಬರೆಯಿರಿ. 2020ರಲ್ಲಿ ಶಾಲೆ ಮುಚ್ಚಿದಾಗ ನಮ್ಮ ಕಡೆಯ ಮುಳ್ಳೂರಿನ ಮೇಷ್ಟ್ರೊಬ್ಬರು ಸಿಗ್ನಲ್‌ಗಾಗಿ ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಪಾಠ ಮಾಡಿದರು. ಪೇಪರಿನಲ್ಲೆಲ್ಲ ಬಂದಿತ್ತು. ನನ್ನ ಮಕ್ಕಳು ಗುಡ್ಡದ ತುದಿಗೆ ಹೋಗಿ, ಮಳೆಯಲ್ಲಿ ಕೊಡೆ ಹಿಡಿದು ಕೂತು ಪಾಠ ಕೇಳಿದರು. ಇಂಟರ್ನೆಟ್ 1995ಕ್ಕೆ ಬಂತು ಅಂದರೆ ಅವರು ನಂಬೋದಿಲ್ಲ. ಪಕ್ಕದ ಹಳ್ಳಿಯಲ್ಲಿ ಟವರ್ ಇದೆ, ಕರೆಂಟು ಹೋದರೆ ಅದೂ ಇಲ್ಲ.

ಪಿಯುಸಿ ವಿದ್ಯಾರ್ಥಿನಿ, ಗೋಣಿಕೊಪ್ಪ

ನಮ್ಮೂರ ಹೆಸರು ಟೈಪ್ ಮಾಡಿ ತೋರಿಸಿದ್ದಕ್ಕೆ ಥ್ಯಾಂಕ್ಸ್ ಅಂಕಲ್! ನನಗೊಂದು ಪ್ರಶ್ನೆ. ಆಗಿಹೋದ ದಿನ ಮಾತ್ರ ಬರೆಯಬೇಕಾ, ಮುಂದೆ ಬರುವ ದಿನ ಬರೆಯಬಹುದಾ? 2038ಕ್ಕೆ ಕಂಪ್ಯೂಟರ್ ಗಡಿಯಾರ ಕೆಡುತ್ತದೆ ಅಂತ ಲೆಕ್ಚರರ್ ಹೇಳಿದ್ದರು. ಅದು ಏನು?

ಬೆಂಗಳೂರಲ್ಲಿರುವ ಕುಶಾಲನಗರದವ

ಒಳ್ಳೆ ಪ್ರಶ್ನೆ ತಂಗಿ. ಯೂನಿಕ್ಸ್ ಅನ್ನುವ ಮೂಲ ತಂತ್ರಾಂಶದ ಮಾದರಿಯಲ್ಲಿ ಓಡುವ ಕಂಪ್ಯೂಟರುಗಳು 1970ರ ಜನವರಿ 1ರಿಂದ ಎಷ್ಟು ಸೆಕೆಂಡ್ ಆಯಿತು ಅಂತ ಎಣಿಸುತ್ತಾ ಹೋಗುತ್ತವೆ. ಹಳೆಯವು ಅದನ್ನು 32 ಬಿಟ್ (ಸೊನ್ನೆ ಅಥವಾ ಒಂದು ಹಿಡಿಸುವ 32 ಮನೆ)‌ನಲ್ಲಿ ಇಡುತ್ತವೆ. ಅದರಲ್ಲಿ ಹಿಡಿಸುವ ದೊಡ್ಡ ಸಂಖ್ಯೆ 214,74,83,647. ಅಷ್ಟು ಸೆಕೆಂಡ್ ತುಂಬುವುದು 2038ರ ಜನವರಿ 19ಕ್ಕೆ, ನಮ್ಮ ಸಮಯ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮುಂದಿನ ಸೆಕೆಂಡಿಗೆ ಲೆಕ್ಕ ತಿರುಗಿ 1901ಕ್ಕೆ ಹೋಗುತ್ತದೆ. ಹೊಸ ಯಂತ್ರಗಳಲ್ಲಿ 64 ಬಿಟ್ ಇರುವುದರಿಂದ ತೊಂದರೆ ಇಲ್ಲ. ಚಿಂತೆ ಇರೋದು ಯಾರೂ ಮುಟ್ಟದೆ ಮೂಲೆಯಲ್ಲಿ ಓಡುತ್ತಿರುವ ಹಳೇ ಪೆಟ್ಟಿಗೆಗಳದ್ದು. ಅವನ್ನು ಹುಡುಕಿ ಸರಿಪಡಿಸುವ ಕೆಲಸ ನಿನ್ನ ವಯಸ್ಸಿನವರಿಗೇ ಬರುತ್ತದೆ.

ಸುಂಟಿಕೊಪ್ಪದ ಓದುಗ

ಇಷ್ಟೊಂದು ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಫೆಬ್ರವರಿ ಬೋರ್ಡಿಗೆ ಆ ಆರು ಜನರ ಹೆಸರೇ ದೊಡ್ಡದಾಗಿ, ಎನಿಯಾಕ್ ಸಣ್ಣದಾಗಿ. ಮಾರ್ಚಿಗೆ 1876, 1882, 1986 ಮೂರೂ ಒಂದರ ಕೆಳಗೆ ಒಂದು. ಜುಲೈ ಮಾತ್ರ ನನಗೆ ಬಹಳ ಮುಖ್ಯ. ಕಿತ್ತೂರು ಒಂದು ಕಡೆ, ತಂತಿ ನಿಂತ ದಿನ ಇನ್ನೊಂದು ಕಡೆ. ಆ ತಿಂಗಳು ಪೂರ್ತಿ ಹಾಗೇ ಬಿಡುತ್ತೇವೆ. ಆಪಲ್‌ನ 50 ಬಗ್ಗೆ ಪೇಪರು, ಟಿವಿ ಎಲ್ಲ ಕಡೆ ಬರುತ್ತದೆ. ನಮ್ಮ ಬೋರ್ಡಿನಲ್ಲಿ ಅದಕ್ಕೆ ಒಂದು ಸಾಲು ಸಾಕು. ಶನಿವಾರಸಂತೆಯವರ ಮಾತನ್ನು ಆಗಸ್ಟ್ 15ರ ಕೆಳಗೆ ಅವರು ಬರೆದ ಹಾಗೇ ಹಾಕುತ್ತೇನೆ.

ಅಕ್ಟೋಬರಿಗೆ ಮಳೆ ಪುಸ್ತಕವೋ ಕನ್ನಡ ಅಕ್ಷರವೋ ಅಂತ ತೀರ್ಮಾನ ಆಗಲಿಲ್ಲ. ಎರಡನ್ನೂ ಬಿಡೋಕೆ ಮನಸ್ಸಿಲ್ಲ.

ಇನ್ನೂ ಬೇಕಾಗಿರೋದು: ನಿಮ್ಮ ಊರಿಗೆ ಎಸ್‌ಟಿಡಿ ಬೂತ್ ಯಾವ ವರ್ಷ ಬಂತು, ಎಲ್ಲಿತ್ತು, ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಕೈಗೆ ಸಿಕ್ಕಿದ್ದು ಯಾವಾಗ. ಹಳೇ ರಸೀದಿ, ಬಿಲ್ಲು ಏನಿದ್ದರೂ ಅದರ ಮೇಲಿನ ದಿನಾಂಕ ನೋಡಿ ಬರೆಯಿರಿ.

ನಿವೃತ್ತ ಟೆಲಿಫೋನ್, ವಿರಾಜಪೇಟೆ

ನನ್ನ ಜೊತೆ ಕೆಲಸ ಮಾಡಿದ ಇಬ್ಬರು ಆಪರೇಟರ್ ಹೆಂಗಸರು ಅಮ್ಮತ್ತಿ ಕಡೆ ಇದ್ದಾರೆ. ಇಬ್ಬರಿಗೂ ವಯಸ್ಸಾಗಿದೆ, ನೆನಪು ಚೆನ್ನಾಗಿದೆ. ಈ ಕೊಯ್ಲು ಮುಗಿದ ಮೇಲೆ ಹೋಗಿ ಮಾತಾಡಿಸುತ್ತೇನೆ. ಯಾರಾದರೂ ರೆಕಾರ್ಡ್ ಮಾಡೋಕೆ ಜೊತೆಗೆ ಬಂದರೆ ಒಳ್ಳೆಯದು. ನನಗೆ ಫೋನಿನಲ್ಲಿ ಅದೆಲ್ಲ ಅಷ್ಟು ರೂಢಿ ಇಲ್ಲ.

ಪಿಯುಸಿ ವಿದ್ಯಾರ್ಥಿನಿ, ಗೋಣಿಕೊಪ್ಪ

ನಾನು ಬರುತ್ತೇನೆ ಅಜ್ಜ. ಪರೀಕ್ಷೆ ಮುಗಿದ ಮೇಲೆ ಯಾವ ದಿನ ಆದರೂ ಸರಿ. ಕೇಳಬೇಕಾದ ಪ್ರಶ್ನೆಗಳನ್ನು ಇಲ್ಲೇ ಬರೆದು ಹಾಕುತ್ತೇನೆ, ಯಾರಾದರೂ ಸೇರಿಸೋದಿದ್ದರೆ ಸೇರಿಸಿ. ಮೊದಲನೆಯದು: ಒಬ್ಬರೇ ಕೂತಿದ್ದಾಗ ಒಟ್ಟಿಗೆ ಹತ್ತಾರು ಮುಚ್ಚಳ ಬಿದ್ದರೆ ಯಾರ ಕರೆ ಮೊದಲು ತೆಗೆದುಕೊಳ್ಳುತ್ತಿದ್ದರು?